ಖಾಲಿ ಕೈಯ ನಡಿಗೆ

ಡಾಕ್ಟರು ಸೂಜಿ ಚುಚ್ಚುತ್ತೇನೆ ಎಂದಿದ್ದರೆ ನಾನು ಅಷ್ಟು ಗಾಬರಿಯಾಗುತ್ತಿರಲಿಲ್ಲ. ಅವರು ನಡಿ ಎಂದರು.

"ದಿನಾ ನಡೀಬೇಕಮ್ಮಾ. ತಲಿ ಮ್ಯಾಲೆ ಕೊಡ ಬ್ಯಾಡ, ಬಗಲಾಗ ಬುಟ್ಟಿ ಬ್ಯಾಡ. ಖಾಲಿ ಕೈಲೆ ನಡೀಬೇಕು."

ಗಂಗಾವತಿ ದವಾಖಾನೆಯ ಆ ಡಾಕ್ಟರು ಹೈದರಾಬಾದಿನ ಕಡೆಯವರು. ಉರ್ದು ಮಾತನಾಡುವವರು ನಮಗಾಗಿ ಕನ್ನಡ ಕಲಿತಿದ್ದರು. ನಾನೂ ನನ್ನ ಅತ್ತೆ ಯಂಕವ್ವನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಎಲ್ಲಿಗೆ ನಡೀಬೇಕ್ರಿ ಸಾಹೇಬ್ರ?" ಎಂದು ಅತ್ತೆ ಕೇಳಿದರು.

"ಎಲ್ಲಿಗೂ ಇಲ್ಲ. ಹೋಗೋದು, ಬರೋದು."

"ಏನ್ ತರಾಕ?"

"ಏನೂ ತರಾಕಲ್ಲ. ಛಲೋ ಗಾಳಿ ತಗೊಳ್ಳಾಕ."

"ಗಾಳಿ ನಮ್ಮ ಅಂಗಳದಾಗೂ ಐತ್ರಿ."

ಡಾಕ್ಟರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ನಮ್ಮ ಓಣಿಯಲ್ಲಿ ಹೆಂಗಸು ಹೊರಗೆ ಕಾಲಿಟ್ಟರೆ ನೀರಿಗೆ, ಕಟ್ಟಿಗೆಗೆ, ಹೊಲಕ್ಕೆ, ಸಂತೆಗೆ, ಇಲ್ಲವೇ ಗುಡಿಗೆ. ಕೈಯಲ್ಲಿ ಏನೂ ಇಲ್ಲದೆ ಬೀದಿಯಲ್ಲಿ ಹೋಗುವ ಹೆಂಗಸನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ. ಕಂಡಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆನೋ ಏನೋ.

ಹಿಂದಿನದನ್ನು ಸ್ವಲ್ಪ ಹೇಳಬೇಕು. ನನ್ನ ತವರು ಯಲಬುರ್ಗಾ ಕಡೆಯ ಬೇವೂರು. ಅಪ್ಪನ ದಯೆಯಿಂದ ನಾಲ್ಕು ಅಕ್ಷರ ಕಲಿತೆ, ಅದರಿಂದಲೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಯವರು ಗಂಗಾವತಿಯ ತಹಶೀಲ ಕಚೇರಿಯಲ್ಲಿ ಜವಾನರು. ನನ್ನ ಮಗಳು ತುಂಗವ್ವನಿಗೆ ಎರಡು ತುಂಬಿದ ಹೊತ್ತಿಗೆ ನನಗೆ ಸಂಜೆ ಸಂಜೆ ಜ್ವರ ಬರಲು ಶುರುವಾಯಿತು. ಆಮೇಲೆ ಬಲಪಕ್ಕೆಯಲ್ಲಿ ಚಳಕು. ಕೊನೆಗೆ ಒಲೆ ಊದಲೂ ಉಸಿರು ಸಾಲದಾಯಿತು. ಅತ್ತೆ ಮೊದಲು ಬೂದಿ ಹಚ್ಚಿದರು, ಆಮೇಲೆ ಕಷಾಯ ಕುಡಿಸಿದರು, ಆಮೇಲೆ ಮಗನಿಗೆ, "ನಿಮ್ಮ ಸರ್ಕಾರಿ ಡಾಕ್ಟರಿಗೆ ತೋರಸು" ಎಂದರು.

ಡಾಕ್ಟರು ಬೆನ್ನ ಮೇಲೆ ಬೆರಳಿಟ್ಟು ತಟ್ಟಿ ನೋಡಿದರು. ನೆಲದೊಳಗಿನ ಹಗೇವಿನಲ್ಲಿ ಎಷ್ಟು ಜೋಳ ಉಳಿದಿದೆ ಎಂದು ಮೇಲಿನಿಂದ ಬಡಿದು ನೋಡುತ್ತಾರಲ್ಲ, ಹಾಗೆ. ಪಕ್ಕೆಯಲ್ಲಿ ನೀರು ತುಂಬಿದೆ, ಹೊಸಪೇಟೆಗೆ ಹೋಗಿ ತೆಗೆಸಬೇಕು ಎಂದರು.

ಮೋಟಾರಿನಲ್ಲಿ ಗಿಣಿಗೇರಿಗೆ, ಅಲ್ಲಿಂದ ರೈಲಿನಲ್ಲಿ ಹೊಸಪೇಟೆಗೆ ಹೋದೆವು. ಅಲ್ಲಿಯ ದವಾಖಾನೆಯ ಪಡಸಾಲೆ ಉದ್ದವಾಗಿತ್ತು. ಗೋಡೆಗೆ ಒರಗಿ ಹೆಂಗಸರು ಸಾಲಾಗಿ ಕೂತಿದ್ದರು, ಎಲ್ಲರ ಮಡಿಲಲ್ಲೂ ಒಂದೊಂದು ರೊಟ್ಟಿಯ ಗಂಟು. ಯಾರೂ ಗಂಟು ಬಿಚ್ಚಿರಲಿಲ್ಲ. ನನ್ನ ಪಕ್ಕದಲ್ಲಿ ಕಂಪ್ಲಿಯ ಕಡೆಯ ಒಬ್ಬ ಅಜ್ಜಿ. "ಏನ್ ಬ್ಯಾನಿ ತಂಗಿ?" ಎಂದು ಕೇಳಿದಳು. ಹೇಳಿದೆ. "ನನಗೂ ತೆಗದಾರ. ಇರಿವಿ ಕಡದಂಗ ಆಕ್ಕೈತಿ, ಅಷ್ಟ," ಎಂದಳು. ಅದು ಇರುವೆ ಕಡಿದ ಹಾಗಿರಲಿಲ್ಲ. ಆದರೆ ಆ ಸುಳ್ಳಿಗೆ ನಾನು ಇವತ್ತಿಗೂ ಅವಳಿಗೆ ಕೈಮುಗಿಯುತ್ತೇನೆ. ಯಾರ ಕೈಯನ್ನೂ ಹಿಡಿಯದೆ ಒಳಗೆ ನಡೆದುಹೋದದ್ದು ಅವಳಿಂದ.

ಬಲಗೈ ತಲೆಯ ಮೇಲೆ ಎತ್ತಿ ಹಿಡಿಯಬೇಕು, ಬಳೆ ತೆಗೆಯಿರಿ ಎಂದಳು ನರ್ಸಮ್ಮ. ಗಾಜಿನ ಬಳೆ ತೆಗೆಯುವುದೆಂದರೆ! ಅತ್ತೆ ತಮ್ಮ ಸೀರೆಯ ಅಂಚಿನಿಂದ ಎಳೆ ಕಿತ್ತು, ಸೊಂಟದ ಸಂಚಿಯಿಂದ ಅರಿಶಿನ ತೆಗೆದು ಹಚ್ಚಿ, ನನ್ನ ಮಣಿಕಟ್ಟಿಗೆ ಕಟ್ಟಿದರು. "ಈಗ ತಗೀರಿ," ಎಂದರು. ಬಳೆಗಳನ್ನು ನಮ್ಮ ಮನೆಯವರು ಹಿಡಿದುಕೊಂಡು ಹೊರಗೆ ನಿಂತರು. ನಾನು ಹೊರಗೆ ಬಂದಾಗ ಅವರ ಮುಷ್ಟಿಯಲ್ಲಿ ಎರಡು ಬಳೆ ಒಡೆದಿದ್ದವು. ಹಿಡಿದದ್ದು ಅಷ್ಟು ಬಿಗಿ. ಅವರ ಅಂಗೈಯಲ್ಲಿ ರಕ್ತ ಬಂದಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ.

ಪಕ್ಕೆಗೆ ಸೂಜಿ ಇಳಿಸಿದರು, ನೀರು ಹೋಯಿತು. ಜ್ವರ ಹೋಗಲು ತಿಂಗಳುಗಳು ಹಿಡಿದವು. ಅದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ಇದು ಅಂಟುವ ಬೇನೆ, ಕೂಸನ್ನು ಹತ್ತಿರ ಬಿಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದರು. ಹೀಗಾಗಿ ನನ್ನ ಅಣ್ಣನ ಹೆಂಡತಿ ಬಂದು ತುಂಗವ್ವನನ್ನು ಬೇವೂರಿಗೆ ಕರೆದುಕೊಂಡು ಹೋದಳು. ಹೋಗುವಾಗ ಮಗು ಕಿಟಕಿಯ ಆಚೆ ನಿಂತು, "ಅವ್ವಾ, ನಿನ್ನ ತಾಟು ಯಾಕ ಬ್ಯಾರೆ?" ಎಂದು ಕೇಳಿತು.

ಎಂಟು ತಿಂಗಳ ಮೇಲೆ, ನಾನು ಮೊದಲು ಹೇಳಿದ ಆ ದಿನ, ಡಾಕ್ಟರು ನಡೆಯಲು ಹೇಳಿದರು. ನನ್ನದು ಒಂದೇ ಪ್ರಶ್ನೆ: "ಮಗಳನ್ನ ಯಾವಾಗ ಕರಕೊಂಡು ಬರಲಿರಿ?"

"ಆನೆಗೊಂದಿ ನೋಡಿರೇನು? ಅಲ್ಲಿ ಹೊಳಿ ದಂಡಿ ಗಾಳಿ ಭಾಳ ಛಲೋ. ಊರಿನ ಧೂಳು ಇಲ್ಲ. ಇಲ್ಲಿಂದ ಮೋಟಾರು ಹೋಗತೈತಿ. ಮೊದಲ ಸ್ವಲ್ಪ ನಡೀರಿ, ಆಮ್ಯಾಲೆ ಹೆಚ್ಚು ನಡೀರಿ. ಊರ ಬಾಗಿಲದಿಂದ ಹನುಮಪ್ಪನ ಗುಡ್ಡದ ಬುಡತನಕ ಹೋಗಿ, ಎಲ್ಲೂ ಕುಂದರದ ತಿರುಗಿ ಬಂದ ದಿನ ನನ್ನ ಹತ್ರ ಬರ್ರಿ. ಆವತ್ತ ಮಗಳನ್ನ ಕರಸೋಣ. ಗುಡ್ಡ ಮಾತ್ರ ಹತ್ತಬ್ಯಾಡ್ರಿ."

ಎರಡು ಮೈಲು ಹೋಗಿ, ಎರಡು ಮೈಲು ಬರಬೇಕು. ಆಗ ನಾನು ಹಿತ್ತಲ ಬಾಗಿಲಿಗೆ ಹೋಗಿ ಬರುವಷ್ಟರಲ್ಲಿ ಎರಡು ಸಲ ಕೂರುತ್ತಿದ್ದೆ.

ಶನಿವಾರ ಬೆಳಿಗ್ಗೆ ಹೊರಟೆವು. ಓಣಿಯ ಬಾಯಲ್ಲೇ ನೆರೆಮನೆಯ ದುರಗವ್ವ ಸಿಕ್ಕಳು. ಬಗಲಲ್ಲಿ ಸಗಣಿ ಬುಟ್ಟಿ, ಬಾಯಲ್ಲಿ ಎಲೆಯಡಿಕೆ. ನಮ್ಮ ಎರಡು ಜೊತೆ ಖಾಲಿ ಕೈಗಳನ್ನು ನೋಡಿದಳು.

"ಎಲ್ಲಿಗೆ ಹೊಂಟೀರಿ ಅತ್ತಿ-ಸೊಸಿ?"

ಅತ್ತೆ ಒಂದು ಗಳಿಗೆಯೂ ತಡೆಯಲಿಲ್ಲ. "ಹರಕಿ ಐತವ್ವ. ಗುಡ್ಡದ ಹನುಮಪ್ಪಗ ಹನ್ನೊಂದು ಶನಿವಾರ."

"ಛಲೋ ಆತು ಬಿಡ್ರಿ," ಎಂದು ದುರಗವ್ವ ಕೈಮುಗಿದು ಹೋದಳು.

ಮೋಟಾರು ನಿಲ್ಲುವ ಜಾಗದತನಕ ನಡೆದೆವು. ಆಮೇಲೆ ನಾನು, "ಅತ್ತೀ, ನಾವು ಹರಕಿ ಯಾವಾಗ ಹೊತ್ತಿವಿ?" ಎಂದೆ.

"ಹೊತ್ತಿಲ್ಲ."

"ಮತ್ತ ಹನುಮಪ್ಪನ ಹೆಸರಲೆ ಸುಳ್ಳು ಹೇಳಿದಂಗ ಆತಲ್ರಿ."

ಅತ್ತೆಯ ಮುಖ ಬಿಳುಪೇರಿತು. ಯಾರ ಹೆಸರಿನಲ್ಲಾದರೂ ಸುಳ್ಳು ಹೇಳಬಹುದು, ಹನುಮಪ್ಪನ ಹೆಸರಿನಲ್ಲಿ? ಅದೂ ಮನೆಯಲ್ಲಿ ಬೇನೆ ಇರುವಾಗ? ಸುಳ್ಳನ್ನು ನಿಜ ಮಾಡುವುದೊಂದೇ ದಾರಿ ಎಂದು ಇಬ್ಬರೂ ಅಲ್ಲೇ ನಿಂತು ತೀರ್ಮಾನ ಮಾಡಿದೆವು. ನಮ್ಮ ಕಡೆ ಹರಕೆ ಎಂದರೆ ಹೊಳೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲೇ ದೇವರನ್ನು ಸುತ್ತಬೇಕು, ಅಲ್ಲಿಯತನಕ ಬಾಯಿಗೆ ನೀರೂ ಹಾಕಬಾರದು. ಡಾಕ್ಟರು ಕೊಟ್ಟ ಮದ್ದನ್ನು ನಾವು ಹೀಗೆ ವ್ರತ ಮಾಡಿಕೊಂಡೆವು. ತಪ್ಪು ಅತ್ತೆಯದಷ್ಟೇ ಅಲ್ಲ. ನನಗೂ ಒಳಗೊಳಗೆ ಸಮಾಧಾನವಾಗಿತ್ತು. ನನ್ನ ಮೈಗಾಗಿ ಸುಮ್ಮನೆ ತಿರುಗಾಡುವುದಕ್ಕಿಂತ, ದೇವರಿಗಾಗಿ ಕಷ್ಟಪಡುವುದು ನನಗೆ ಹಗುರ ಅನಿಸಿತು.

ಯುದ್ಧದ ಕಾಲ. ಪೆಟ್ರೋಲು ಇರಲಿಲ್ಲ. ಮೋಟಾರಿನ ಹಿಂದೆ ಒಂದು ಒಲೆಯಂಥದು ಕಟ್ಟಿ, ಇದ್ದಿಲು ಉರಿಸಿ, ಅದರ ಗ್ಯಾಸಿನ ಮೇಲೆ ಓಡಿಸುತ್ತಿದ್ದರು. ಡ್ರೈವರ ಖಾದರಸಾಬ ನನ್ನ ಕೆಮ್ಮು ಕೇಳಿ, "ಅಕ್ಕಾ, ಹಿಂದ ಹೊಗಿ ಭಾಳ. ಮುಂದ ಬರ್ರಿ," ಎಂದು ತನ್ನ ಸಾಲಿನಲ್ಲಿ ಜಾಗ ಮಾಡಿದ. ಅತ್ತೆ ನಡುವೆ ಗೋಡೆಯ ಹಾಗೆ ಕೂತರು. ಏರು ಬಂದಾಗ ಮೋಟಾರು ಏದುಸಿರು ಬಿಟ್ಟು ನಿಂತಿತು. ಜನ ಇಳಿದು ನೂಕಿದರು.

"ಇದಕ್ಕೂ ಪಕ್ಕಿಯಾಗ ನೀರು ತುಂಬೇತಿ ನೋಡು ನಾಗವ್ವ," ಎಂದರು ಅತ್ತೆ. ಎಂಟು ತಿಂಗಳಲ್ಲಿ ಮೊದಲ ಸಲ ನಕ್ಕೆ. ನಕ್ಕರೆ ಪಕ್ಕೆ ನೋಯುತ್ತಿತ್ತು, ಆದರೂ ನಕ್ಕೆ.

ಆನೆಗೊಂದಿಯ ಕೋಟೆ ಬಾಗಿಲ ಮುಂದೆ ಇಳಿದರೆ ಹೊಳೆಗೆ ಹೋಗುವ ದಾರಿ ಸಪಾಟು. ಎರಡೂ ಕಡೆ ಬಾಳೆತೋಟ, ಅರಸರ ಕಾಲದ ಕಾಲುವೆಯ ನೀರು. ಮುರಿದ ಮಂಟಪಗಳು, ಬಿದ್ದ ಕಂಬಗಳು. ಕಲ್ಲಿನ ಗೋಡೆಗಳ ಮೇಲೆಲ್ಲ ಊರವರು ಸಗಣಿಯ ಕುಳ್ಳು ತಟ್ಟಿದ್ದರು. "ಅರಸರು ಹೋದ್ರು, ಕುಳ್ಳು ಉಳದ್ವು," ಎಂದು ಅತ್ತೆ ಒಂದು ಕೆತ್ತನೆಯ ಕಂಬದ ಮೇಲೆ ಕೂತು ಕಾಲು ನೀವಿಕೊಂಡರು. ಅಲ್ಲಿಯ ಒಂದು ಅನುಕೂಲ ಹೇಳುತ್ತೇನೆ: ಹಳೆಯ ಪಟ್ಟಣವಾದ್ದರಿಂದ ಇಪ್ಪತ್ತು ಹೆಜ್ಜೆಗೊಂದು ಕೂಡಲು ಕಲ್ಲು. ಉಸಿರು ಸಾಲದವರಿಗೆ ಅಂಥ ಊರು ಬೇರೆ ಇಲ್ಲ.

ಮೂರು ಶನಿವಾರ ಹೊಳೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲಿ ನಡೆದು, ಗುಡ್ಡದತನಕ ಹೋಗಲಾಗದೆ ಕೋಟೆ ಬಾಗಿಲ ಬಳಿಯ ಹನುಮಪ್ಪನ ಚಿಕ್ಕ ಗುಡಿಯನ್ನು ಹನ್ನೊಂದು ಸುತ್ತು ಹಾಕಿದೆವು. ದೀಪಾವಳಿ ಮುಗಿದು ಚಳಿ ಬಿದ್ದಿತ್ತು. ಹೊಳೆಯ ಮೇಲಿನ ಗಾಳಿ ಸೀರೆಯ ಒಳಗೆ ಹಾವಿನಂತೆ ಹರಿಯುತ್ತಿತ್ತು. ಮೂರನೆಯ ಶನಿವಾರ ಒಂಬತ್ತನೆಯ ಸುತ್ತಿನಲ್ಲಿ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ಸಂಜೆಗೆ ಜ್ವರ ತಿರುಗಿ ಬಂತು. ಹಳೆಯ ಚಳಕು ಹಳೆಯ ಜಾಗದಲ್ಲೇ.

ಡಾಕ್ಟರಿಗೆ ನಮ್ಮ ಮನೆಯವರು ಎಲ್ಲ ಹೇಳಿದರು. ಡಾಕ್ಟರು ಸಿಟ್ಟಿಗೇಳಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಯಿತು. "ಮಗಳನ್ನ ಈಗ ಕರಸಬ್ಯಾಡ್ರಿ," ಎಂದಷ್ಟೇ ಹೇಳಿದರು.

ನಾನು ಮೂರು ವಾರ ಹಾಸಿಗೆ ಹಿಡಿದೆ. ಬೇವೂರಿನಿಂದ ಬಂದವರೊಬ್ಬರು, ತುಂಗವ್ವ ಈಗ ನನ್ನ ಅತ್ತಿಗೆಯನ್ನೇ ಅವ್ವಾ ಎಂದು ಕರೆಯುತ್ತಾಳೆ ಎಂದು ಸಂತೋಷದಿಂದ ಹೇಳಿದರು. ಸಂತೋಷದ ಸುದ್ದಿಯೇ ಅದು, ಮಗು ಒಗ್ಗಿಕೊಂಡಿತ್ತು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಅತ್ತೆ ಅಲ್ಲೇ ಜೋಳ ಹಸನು ಮಾಡುತ್ತಿದ್ದರು. ಮೊರದ ಸದ್ದು ನಿಂತಿತು, ಬಹಳ ಹೊತ್ತು ಮತ್ತೆ ಕೇಳಲಿಲ್ಲ.

ಜ್ವರ ಬಿಟ್ಟ ಮೇಲಿನ ಮೊದಲ ಶನಿವಾರ, "ಏಳು, ಮೋಟಾರು ಹೋಗತೈತಿ," ಎಂದರು ಅತ್ತೆ.

"ಹರಕಿ ಬಿಟ್ರ ಪಾಪ ಬರತೈತಿ, ಹಿಡದ್ರ ಜ್ವರ ಬರತೈತಿ. ಹೆಂಗ್ರಿ ಅತ್ತೀ?"

"ನೀ ಏಳು ಮೊದಲ."

ಹೊಳೆಯ ದಂಡೆಗೆ ಹೋದ ಮೇಲೆ ಅತ್ತೆ ನನ್ನನ್ನು ಒಂದು ಕಲ್ಲಿನ ಮೇಲೆ ಬಿಸಿಲಿಗೆ ಕೂಡಿಸಿದರು. ಹೊದಿಸಿದ ಕಂಬಳಿ ಮಾವನವರ ಕಾಲದ್ದು. ಶೇಂಗಾ, ಬೆಲ್ಲದ ಗಂಟು ನನ್ನ ಮಡಿಲಿಗೆ ಹಾಕಿದರು. ಆಮೇಲೆ ದೂರದಲ್ಲಿ ಕಾಣುವ ಗುಡ್ಡಕ್ಕೆ ಎದುರಾಗಿ ನಿಂತು ಎರಡೂ ಕೈ ಎತ್ತಿದರು. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು, ಹರಿಗೋಲಿನವನು, ಎಲ್ಲರೂ ತಿರುಗಿ ನೋಡುವಷ್ಟು ಜೋರು ಅವರ ದನಿ.

"ಯಪ್ಪಾ ಹನುಮಪ್ಪ, ಕೇಳು. ಸುಳ್ಳು ಹೇಳಿದ ಬಾಯಿ ನಂದು. ಈಕಿ ಬಾಯಿ ತೆಗದಿಲ್ಲ. ಒದ್ದಿ ಸೀರಿ ನಂದು, ಉಪಾಸ ನಂದು. ಸುತ್ತು ಹಾಕೋದು ನಾನು. ಈಕಿ ಬರೇ ನಡೀತಾಳ, ಉಣ್ಣತಾಳ. ಮೂರು ಶನಿವಾರ ಈಕಿ ಮಾಡಿದ್ದನ್ನ ನನ್ನ ಲೆಕ್ಕಕ್ಕ ಹಿಡೀಬ್ಯಾಡ. ನಾ ಹನ್ನೊಂದೂ ಮೊದಲಿಂದ ಮಾಡತೀನಿ. ಮತ್ತ ನಿನಗ ಕೋಪ ಇದ್ರ ಅರವತ್ತು ವರ್ಷದ ಮುದುಕಿ ಮ್ಯಾಲೆ ತೀರಸ್ಕೋ, ನೋಡೂನು."

ಹೇಳಿ, ಮೂಗು ಹಿಡಿದು ಮುಳುಗಿದರು. ಎದ್ದು, "ಅಯ್ಯಯ್ಯೋ, ಸತ್ನೆಪೋ!" ಎಂದು ಕಿರುಚಿದರು.

ನನ್ನ ಕಣ್ಣಲ್ಲಿ ನೀರು. "ಅತ್ತೀ, ಬ್ಯಾಡ್ರಿ," ಎಂದೆ.

"ನೀ ಶೇಂಗಾ ತಿನ್ನು. ಮಾತಾಡಬ್ಯಾಡ, ನನಗ ಸಿಟ್ಟು ಬಂದೈತಿ."

ಹಾಗೆ ಶುರುವಾಯಿತು ನಮ್ಮ ಎರಡನೆಯ ಹರಕೆ. ಶನಿವಾರ ಶನಿವಾರ ಆನೆಗೊಂದಿಯ ಜನ ನೋಡುತ್ತಿದ್ದುದು ಇದು: ಮುಂದೆ ಮುದುಕಿ, ಮೈಯೆಲ್ಲ ತೊಟ್ಟಿಕ್ಕುತ್ತ, ಹಲ್ಲು ಕಟಕಟ ಎನ್ನುತ್ತ, ಚಳಿಯನ್ನೂ ಡಾಕ್ಟರನ್ನೂ ತನ್ನ ನಾಲಿಗೆಯನ್ನೂ ಬಯ್ಯುತ್ತ. ಹಿಂದೆ ಸೊಸೆ, ಕಂಬಳಿ ಹೊದ್ದು ಬೆಲ್ಲ ಮೆಲ್ಲುತ್ತ. ಬಾಳೆತೋಟದ ಹೆಂಗಸೊಬ್ಬಳು, "ಅಲ್ಲ ಯವ್ವಾ, ಮುದುಕಿನ್ನ ತೋಯಿಸಿ ನೀ ಬೆಚ್ಚಗ ಹೊಂಟೀಯಲ್ಲ!" ಎಂದು ನನಗೆ ಛೀಮಾರಿ ಹಾಕಿದಳು. ನಾನು ಬಾಯಿ ತೆರೆಯುವ ಮುಂಚೆ ಅತ್ತೆ, "ನಮ್ಮ ಸೊಸಿ ನಮ್ಮ ಇಷ್ಟ. ನಿನ್ನ ಬಾಳಿಗಿಡಕ್ಕ ನೀರು ಹಾಯಸು ಹೋಗು," ಎಂದರು.

ಉಳಿದ ದಿನ ಹಿತ್ತಲಲ್ಲೇ ಹೋಗಿ ಬಂದು ಮಾಡುತ್ತಿದ್ದೆ. ಶನಿವಾರದ ನಡಿಗೆ ವಾರದಿಂದ ವಾರಕ್ಕೆ ಉದ್ದವಾಯಿತು. ಮೊದಲು ಬಾಗಿಲಿನಿಂದ ಹೊಳೆಗೆ, ಹೊಳೆಯಿಂದ ಬಾಗಿಲಿಗೆ. ಆಮೇಲೆ ಕಾಲುವೆಯ ಏರಿ ಹಿಡಿದು ಹುಣಸೆಮರದತನಕ. ಅಲ್ಲಿ ನೆರಳು ದಟ್ಟ, ನೀರಿನ ಸಪ್ಪಳ ಜೊತೆಗೆ ಬರುತ್ತದೆ. ಆಮೇಲೆ ಬಂಡೆಗಳ ನಡುವಿನ ಗಾಡಿದಾರಿ. ಏಳನೆಯ ಶನಿವಾರ ಗುಡ್ಡದ ಬುಡ ಮುಟ್ಟಿದೆ. ನಡುವೆ ನಾಲ್ಕು ಸಲ ಕೂತಿದ್ದೆ. ಹತ್ತಲಾಗದವರಿಗೆಂದು ಅಲ್ಲೊಂದು ಪಾದಗಟ್ಟೆ ಇದೆ: ಒಂದು ಕಟ್ಟೆ, ಅದರ ಮೇಲೆ ಕಲ್ಲಿನಲ್ಲಿ ಕೆತ್ತಿದ ಎರಡು ಪಾದ. ಮುದುಕರು, ಬಸುರಿಯರು, ಕುಂಟರು ಅಲ್ಲೇ ಕಾಯಿ ಒಡೆದು ಹೋಗುತ್ತಾರೆ. ಹತ್ತಲಾರದವರ ನೆನಪು ದೇವರಿಗೆ ಮೊದಲೇ ಇತ್ತಲ್ಲ ಎಂದು ನಾನು ಆ ಪಾದಗಳ ಮೇಲೆ ಹಣೆ ಇಟ್ಟೆ. ಕಲ್ಲು ಬಿಸಿಲಿಗೆ ಬೆಚ್ಚಗಿತ್ತು.

ಅತ್ತೆಗೆ ಒಂದು ಸೀನೂ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸೀನಿದರು, ಕೆಮ್ಮಿದರು, ಮನೆಗೆ ಬಂದು ಶುಂಠಿ ಕಷಾಯ ಕುಡಿದು ಮಲಗಿದರು. ನಮ್ಮ ಮನೆಯವರು ಬೇಡವೆಂದು ಎಷ್ಟೋ ಹೇಳಿದರು. ಜ್ವರ ಮಾತ್ರ ಬರಲಿಲ್ಲ. ಅದು ಹನುಮಪ್ಪನ ದಯೆ ಎಂದೇ ನಾನು ನಂಬಿದ್ದೇನೆ.

ಹನ್ನೊಂದನೆಯ ಶನಿವಾರ ಬಿಸಿಲು ಬಲಿತಿತ್ತು, ಶಿವರಾತ್ರಿ ಹತ್ತಿರ ಬಂದಿತ್ತು. ಆವತ್ತು ಇದ್ದಿಲ ಮೋಟಾರು ಆನೆಗೊಂದಿಗೆ ಅರ್ಧ ಮೈಲು ಇರುವಾಗಲೇ ನಿಂತಿತು. ಖಾದರಸಾಬ ಇಳಿದು ನೋಡಿ, "ಇವತ್ತ ಈಕಿ ಏಳಂಗಿಲ್ಲ ಅಕ್ಕಾ," ಎಂದ. ಎಲ್ಲರ ಜೊತೆ ನಡೆದೆವು. ಹೊಳೆಗೆ ಹೋಗಿ ಅತ್ತೆ ಮುಳುಗಿದರು. ಗುಡ್ಡದ ದಾರಿ ಹಿಡಿದೆವು. ತುಂಗವ್ವನ ಜವಳ ತೆಗೆಸುವುದು ಎಲ್ಲಿ, ಯಾರನ್ನು ಕರೆಯುವುದು ಎಂದು ನಾನು ಮಾತಾಡುತ್ತಿದ್ದೆ. ಪಾದಗಟ್ಟೆಗೆ ಕಾಯಿ ಒಡೆದು, ಅತ್ತೆ ಹನ್ನೊಂದು ಸುತ್ತು ಹಾಕಿ, ತಿರುಗಿ ಹೊರಟೆವು. ಹುಣಸೆಮರದ ಹತ್ತಿರ ಹಿಂದೆ ಹೆಜ್ಜೆಯ ಸದ್ದು ಕೇಳಲಿಲ್ಲ. ತಿರುಗಿ ನೋಡಿದರೆ ಅತ್ತೆ ಬೇರಿನ ಮೇಲೆ ಕೂತಿದ್ದರು.

"ಯಾಕ್ರಿ ಅತ್ತೀ?"

"ನನ್ನ ಕೈಲೆ ಆಗಂಗಿಲ್ಲವ್ವ. ಸ್ವಲ್ಪ ಕುಂದರತೀನಿ." ಆಮೇಲೆ ನನ್ನನ್ನೇ ದಿಟ್ಟಿಸಿ ನೋಡಿದರು. "ಏ ನಾಗವ್ವ. ನೀ ಎಲ್ಲಿ ಕುಂತಿದ್ದಿ ಇವತ್ತ?"

ನೆನೆಸಿಕೊಂಡೆ. ಹೊಳೆಯ ಹತ್ತಿರ ನಿಂತೇ ಇದ್ದೆ. ಪಾದಗಟ್ಟೆಯ ಹತ್ತಿರವೂ ನಿಂತಿದ್ದೆ. ದಾರಿಯಲ್ಲಿ ಎಲ್ಲೂ ಕೂತಿರಲಿಲ್ಲ. ಬಾಗಿಲು ಅಲ್ಲೇ ಕಾಣುತ್ತಿತ್ತು.

"ನಿಲ್ಲು, ಕುಂದರಬ್ಯಾಡ!" ಎಂದು ಅತ್ತೆ ಎದ್ದೇಬಿಟ್ಟರು. "ಬಾಗಲಾ ದಾಟೂಮಟಾ ಕುಂತೀ ನೋಡು ಮತ್ತ!" ಎಂದು ಕರುವನ್ನು ಅಟ್ಟುವಂತೆ ನನ್ನ ಬೆನ್ನಿಗೆ ಕೈಯಿಟ್ಟು ಅಟ್ಟಿಕೊಂಡು ಬಂದರು.

ಡಾಕ್ಟರು ಬೆನ್ನು ತಟ್ಟಿ, ಕೊಳವೆ ಇಟ್ಟು ಕೇಳಿದರು. ಎರಡು ಸಲ ಕೇಳಿದರು. "ಹೋಗ್ರಿ, ಮಗಳನ್ನ ಕರಕೊಂಡು ಬರ್ರಿ," ಎಂದರು. ಬಾಗಿಲಲ್ಲಿ ನಿಂತ ಅತ್ತೆಯ ಕಡೆ ನೋಡಿ, "ದವಾ ಅರ್ಧ ನಾನು ಕೊಟ್ಟೀನಿ, ಅರ್ಧ ಇವರು," ಎಂದರು. ಅತ್ತೆ ಸೆರಗು ಎಳೆದುಕೊಂಡು ಆ ಕಡೆ ತಿರುಗಿದರು.

ಬೇವೂರಿಗೆ ನಾನೂ ನಮ್ಮ ಮನೆಯವರೂ ಹೋದೆವು. ತುಂಗವ್ವ ನನ್ನ ಅತ್ತಿಗೆಯ ಸೀರೆಯ ಹಿಂದೆ ನಿಂತು ನನ್ನನ್ನು ನೋಡಿದಳು. ಉದ್ದವಾಗಿದ್ದಳು. ಕರೆದರೆ ಬರಲಿಲ್ಲ. "ಯಾರವ್ವ ಅಕಿ?" ಎಂದು ನನ್ನ ಅತ್ತಿಗೆ ಕೇಳಿದರೆ, "ಗಂಗಾವತಿಯಾಕಿ," ಎಂದಳು. ಅತ್ತಿಗೆಯ ಕಣ್ಣು ತುಂಬಿತು. ನಾನು, "ಇರಲಿ ವೈನಿ, ಹೊತ್ತು ಹಿಡೀತೈತಿ," ಎಂದೆ. ಹೊತ್ತು ಹಿಡಿಯುವುದನ್ನು ನಾನು ಕಲಿತಿದ್ದೆ.

ಮರುದಿನ ಹೊರಟಾಗ ಅವಳು ಅಪ್ಪನ ಬೆರಳು ಹಿಡಿದಳು, ನನ್ನದಲ್ಲ. ಮೋಟಾರಿನ ದಾರಿ ಒಂದು ಮೈಲು. ಸಜ್ಜೆ ಕೊಯ್ದ ಹೊಲಗಳ ನಡುವಿನ ಕಾಲುದಾರಿಯಲ್ಲಿ ನಾನು ಅವಳ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದೆ. ಅರ್ಧ ದಾರಿಗೆ ಅವಳು ನಿಂತಳು. ಕಾಲು ಸೋತಿತ್ತು. ಅಪ್ಪ ಗಂಟು ಕೆಳಗಿಟ್ಟು ಕೈ ಚಾಚಿದರು. ಅವಳು ಅವರನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ನನ್ನ ಕಡೆಗೆ ಎರಡೂ ಕೈ ಎತ್ತಿ, "ಎತ್ತಿಗೋ," ಎಂದಳು.

ನಮ್ಮ ಮನೆಯವರು ನನ್ನ ಮುಖ ನೋಡಿದರು. ಖಾಲಿ ಕೈಲೆ ನಡೀಬೇಕು ಎಂದಿದ್ದರಲ್ಲ ಡಾಕ್ಟರು. ನಾನು ಬಗ್ಗಿ ಎತ್ತಿಕೊಂಡೆ. ಬಲಪಕ್ಕೆಯ ಮೇಲೆಯೇ ಕೂತಳು, ಸೂಜಿ ಇಳಿದಿದ್ದ ಜಾಗಕ್ಕೆ ಸರಿಯಾಗಿ ಅವಳ ಮೊಣಕಾಲು. ಹತ್ತು ಹೆಜ್ಜೆ ಎಣಿಸಿದೆ. ಉಸಿರು ಇತ್ತು. ಮತ್ತೆ ಹತ್ತು. ಆಮೇಲೆ ಎಣಿಸುವುದು ಮರೆತೆ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ನಿಮ್ಮಲ್ಲಿ ಯಾರಿಗಾದರೂ ಡಾಕ್ಟರು ನಡಿ ಎಂದರೆ ನಾಚಬೇಡಿ. ಒಣ ಸೀರೆ ಉಟ್ಟು, ಉಂಡು, ಮಡಿಲಲ್ಲಿ ಬೆಲ್ಲ ಇಟ್ಟುಕೊಂಡು ಹೋಗಿ. ದೇವರು ದಾರಿಯಲ್ಲೇ ಸಿಗುತ್ತಾನೆ, ಅವನನ್ನು ನೆಪ ಮಾಡಬೇಕಿಲ್ಲ.

ತುಂಗವ್ವ ಬಂದ ಮೇಲಿನ ಮೊದಲ ಶನಿವಾರ ಹರಕೆ ಏನೂ ಉಳಿದಿರಲಿಲ್ಲ. ಆದರೂ ಬೆಳಿಗ್ಗೆ ಮೂವರೂ ತಲೆ ಬಾಚಿಕೊಂಡು ಹೊರಟೆವು, ಅತ್ತೆ ಒಣ ಸೀರೆಯಲ್ಲಿ. ಓಣಿಯ ಬಾಯಲ್ಲಿ ಅದೇ ದುರಗವ್ವ, ಅದೇ ಬುಟ್ಟಿ.

"ಮತ್ತ ಎಲ್ಲಿಗೆ ಹೊಂಟೀರಿ? ಹರಕಿ ಮುಗೀತಲ್ಲ?"

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಒಂದು ಗಳಿಗೆ ತಡೆದರು.

"ಎಲ್ಲಿಗೂ ಇಲ್ಲವ್ವ," ಎಂದರು. "ಸುಮ್ನ. ಆನೆಗೊಂದಿಗೆ ಹೋಗಿ, ಅಡ್ಡಾಡಿ ಬರತೀವಿ."

ದುರಗವ್ವ ನಮ್ಮ ಕೈಗಳನ್ನು ನೋಡಿದಳು. ಮೋಟಾರು ಬರುವ ಕಡೆ ನೋಡಿದಳು. ಆಮೇಲೆ ಬಗಲಿನ ಬುಟ್ಟಿಯನ್ನು ಗೋಡೆಯ ಬುಡಕ್ಕೆ ಇಳಿಸಿ, "ತಡೀರಿ, ಕೈ ತೊಳಕೊಂಡು ಬರತೀನಿ," ಎಂದಳು.